ಕನ್ನಡದಲ್ಲೇ ಎಲ್‌ಎಲ್‌ಬಿ ಬರೆದೆ, ಪಾಸೂ ಆದೆ

ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದಿದೆ. ಆರೂ ಸೆಮಿಸ್ಟರು ಮುಗಿದವು, ಬಾಕಿ ಉಳಿದ ಪತ್ರಿಕೆ ಒಂದೂ ಇಲ್ಲ. ‘ಕನ್ನಡದಲ್ಲಿ ಕಾನೂನು ಬರೆದರೆ ಅಲ್ಲಿಗೆ ಮುಗಿಯಿತು’ ಎಂದಿದ್ದ ರೂಮಿನ ಗೆಳೆಯರಿಬ್ಬರಿಗೂ ಅಂಕಪಟ್ಟಿ ತೋರಿಸಿದ್ದಾಯಿತು. ದೂರದಿಂದ ತಲೆ ಅಲ್ಲಾಡಿಸಿದ್ದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗದಗ ತಾಲ್ಲೂಕಿನವನು, ಬಿ.ಎ. ತನಕ ಕನ್ನಡ ಮಾಧ್ಯಮ. ಹುಬ್ಬಳ್ಳಿಯಲ್ಲಿ ಬೆಳಗಿನ ತರಗತಿ ಮುಗಿಸಿ, ಮಧ್ಯಾಹ್ನದಿಂದ ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಬಳ ಏಳು ಸಾವಿರ. ರೂಮಿನ ಪಾಲು ಸಾವಿರದ ಎಂಟು ನೂರು, ಖಾನಾವಳಿಗೆ ಎರಡೂವರೆ ಸಾವಿರದ ಆಸುಪಾಸು. ಉಳಿದುದರಲ್ಲಿ ಬಸ್ಸು, ಪುಸ್ತಕ, ಪರೀಕ್ಷಾ ಶುಲ್ಕ, ಊರಿಗೆ ಹೋಗಿಬರುವ ಖರ್ಚು.

ಮೊದಲ ಸೆಮಿಸ್ಟರಿನಲ್ಲಿ ಎಲ್ಲರಂತೆ ಇಂಗ್ಲಿಷ್ ಗೈಡು ಕೊಂಡು ಬಾಯಿಪಾಠ ಮಾಡಿದೆ. ಐದು ಗೈಡಿಗೆ ಸಾವಿರದ ಮೇಲೆ ಹೋಯಿತು. ಕರಾರು ಕಾನೂನಿನ ಪತ್ರಿಕೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದೇ ತಡ, ಬಾಯಿಪಾಠ ನಡುವೆಯೇ ತುಂಡಾಯಿತು. ತೋಚಿದ ಕಡೆ ಕನ್ನಡ, ನೆನಪಿದ್ದ ಕಡೆ ಇಂಗ್ಲಿಷ್ ಬರೆದು ಬಂದೆ. ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೇ ಅಚ್ಚಾಗಿರುತ್ತದೆ. ಅದನ್ನು ನಾನು ಓದಿದ್ದು ನಾಲ್ಕು ಅಂಕದಲ್ಲಿ ಬಿದ್ದ ಮೇಲೆ. ಮರುಮೌಲ್ಯಮಾಪನಕ್ಕೆ ಹಣ ಕಟ್ಟಿದೆ. ಅಂಕ ಅಲ್ಲಾಡಲಿಲ್ಲ, ಆ ತಿಂಗಳು ರಾತ್ರಿಯ ಊಟ ಮಾತ್ರ ಗಿರ್ಮಿಟ್ಟಿಗೆ ಇಳಿಯಿತು.

ಎರಡನೆಯ ಸಲ ಇಂಗ್ಲಿಷ್ ನೋಟ್ಸನ್ನು ಮೊಬೈಲಿಗೆ ಕೊಟ್ಟು ಕನ್ನಡ ಮಾಡಿಸಿದೆ. ಇದು ಇನ್ನೂ ದೊಡ್ಡ ಅನಾಹುತ. ‘ಸೆಂಟೆನ್ಸ್’ ಎಂದರೆ ಶಿಕ್ಷೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ; ಅಪರಾಧಿಗೆ ಏಳು ವರ್ಷ ವಾಕ್ಯ ಕೊಟ್ಟಿತ್ತು. ‘ಮೈನರ್’ ಚಿಕ್ಕದಾಗಿತ್ತು, ‘ಕನ್ಸಿಡರೇಶನ್’ ಹೋದಲ್ಲೆಲ್ಲ ಪರಿಗಣನೆ. ನಗುತ್ತ ನಗುತ್ತ ತಿದ್ದಿದರೂ ಸುಮಾರು ಉಳಿದೇಬಿಟ್ಟವು. ಕರಾರು ಪತ್ರಿಕೆ ಮತ್ತೆ ಹೋಯಿತು.

ದಾರಿ ಸಿಕ್ಕಿದ್ದು ತಿಮ್ಮಸಾಗರದ ಕೋರ್ಟಿನ ಬಳಿ. ಅಂಗಡಿಗೆ ಹೋಗುವ ಮುನ್ನ ಒಂದು ತಾಸು ಬಿಡುವು ಸಿಗುತ್ತಿತ್ತು. ಹೊರಗೆ ಕುಳಿತು ಅರ್ಜಿ ಬೆರಳಚ್ಚು ಮಾಡುವ ಹಿರಿಯರೊಬ್ಬರ ಪಕ್ಕ ಹೋಗಿ ಕೂರತೊಡಗಿದೆ. ಒಂದು ದಿನ ಪರಿಗಣನೆಯ ಗೋಳು ತೋಡಿಕೊಂಡೆ. ಅವರು ಕೀಲಿಮಣೆಯಿಂದ ಕೈ ತೆಗೆಯದೆ, “ತಮ್ಮಾ, ಖರೀದಿ ಪತ್ರದಲ್ಲಿ ಹೊಲದ ರೊಕ್ಕಕ್ಕೆ ಏನೆಂದು ಬರೆಯುತ್ತೇವೆ? ಪ್ರತಿಫಲ ಎಂದಲ್ಲವೇ?” ಎಂದರು. ಅಪ್ಪ ಎರಡು ಎಕರೆ ಎರಿ ಹೊಲ ಮಾರಿದಾಗಿನ ಪತ್ರ ನಮ್ಮ ಮನೆಯ ಟ್ರಂಕಿನಲ್ಲೇ ಇದೆ. ಆ ಪದವನ್ನು ನಾನು ಹತ್ತು ವರ್ಷದ ಹಿಂದೆಯೇ ಓದಿದ್ದೆ!

ಅಂದಿನಿಂದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದು ಬರೆಯುತ್ತ ಹೋದೆ: ಇಂಗ್ಲಿಷ್ ಪದ, ಪುಸ್ತಕದ ಕನ್ನಡ, ಕೋರ್ಟಿನ ಕನ್ನಡ. ಎರಡನೆಯದರಲ್ಲಿ ಲಿಖಿತ ಹೇಳಿಕೆ ಇದ್ದರೆ ಮೂರನೆಯದರಲ್ಲಿ ಕೈಫಿಯತ್ತು. ಪರೀಕ್ಷೆಯಲ್ಲಿ ಎರಡನೆಯದನ್ನೇ ಬರೆಯಬೇಕು. ನೆನಪಿನಲ್ಲಿ ನಿಲ್ಲುವುದು ಮಾತ್ರ ಮೂರನೆಯದು. ವರ್ಷ ಕಳೆಯುವುದರೊಳಗೆ ಏಳು ನೂರು ಪದ ದಾಟಿರಬೇಕು, ಎಣಿಸಿಲ್ಲ. ಖರ್ಚು ನೋಟ್‌ಬುಕ್ಕಿಗೆ ಅರವತ್ತು ರೂಪಾಯಿ, ಹಿರಿಯರಿಗೆ ದಿನಕ್ಕೊಂದು ಚಹಾ.

ಪದ ಕೂಡಿತು, ವೇಗ ಕೂಡಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಐದು ಘಟಕ, ಪ್ರತಿಯೊಂದರಲ್ಲೂ ಒಂದು ದೊಡ್ಡ ಉತ್ತರ, ಜೊತೆಗೊಂದು ಟಿಪ್ಪಣಿ ಅಥವಾ ಸಮಸ್ಯೆ. ಗಂಟೆ ಹೊಡೆದಾಗ ನಾನು ಇನ್ನೂ ನಾಲ್ಕನೆಯ ಘಟಕದಲ್ಲಿ. ರೂಮಿನಲ್ಲಿ ಮೊಬೈಲಿಟ್ಟು ಅಳೆದೆ: ಇಂಗ್ಲಿಷಿನ ಒಂದು ಪುಟಕ್ಕೆ ಒಂಬತ್ತು ನಿಮಿಷ, ಕನ್ನಡಕ್ಕೆ ಹದಿಮೂರು. ಒತ್ತಕ್ಷರದ ತಪ್ಪೆಂದು ಮೊದಲು ಪೆನ್ನು ಬದಲಿಸಿದೆ, ಜೆಲ್ಲು ಬಿಟ್ಟು ಬಾಲ್‌ಪೆನ್ನು. ಅರ್ಧ ನಿಮಿಷ ಉಳಿಯಿತೇನೋ. ಕಳ್ಳ ಬೇರೆಲ್ಲೋ ಇದ್ದ. ನನ್ನದೇ ಉತ್ತರ ಓದಿದರೆ ಸಾಲಿಗೊಂದು ‘ಪರಿಗಣಿಸಲ್ಪಡತಕ್ಕದ್ದು’, ‘ವಿಧಿಸಲ್ಪಟ್ಟಿರುತ್ತದೆ’. ಅಂಥ ಒಂದು ಪದ ಬರೆಯುವಷ್ಟರಲ್ಲಿ ಅರ್ಧ ಸಾಲು ಮುಗಿಯುತ್ತದೆ. ‘ಲ್ಪಡು’ ಬರೆದಾಗಲೆಲ್ಲ ಡಬ್ಬಿಗೆ ಒಂದು ರೂಪಾಯಿ ದಂಡ ಎಂದು ನನಗೆ ನಾನೇ ಹಾಕಿಕೊಂಡೆ. ಮೊದಲ ವಾರ ಮೂವತ್ತೆಂಟು ರೂಪಾಯಿ ಕೂಡಿತು, ಮೂರನೆಯ ವಾರ ನಾಲ್ಕು. ಪುಟ ಹತ್ತು ನಿಮಿಷಕ್ಕೆ ಇಳಿಯಿತು.

ಮೊಕದ್ದಮೆಗಳನ್ನು ಓದುವುದನ್ನೂ ಬಿಟ್ಟೆ; ಹೇಳತೊಡಗಿದೆ. ಲಾಲ್‌ಮನ್ ಶುಕ್ಲಾ ಮೊಕದ್ದಮೆಯನ್ನು ಅಂಗಡಿಯ ಹಮಾಲರಿಗೆ ಹೇಳಿದೆ: ಮಾಲೀಕನ ಸೋದರಳಿಯ ಕಾಣೆಯಾದ, ಗುಮಾಸ್ತನನ್ನು ಹುಡುಕಲು ಕಳಿಸಿದರು, ಆಮೇಲೆ 501 ರೂಪಾಯಿ ಬಹುಮಾನ ಸಾರಿದರು, ಅದು ಗೊತ್ತಿಲ್ಲದ ಗುಮಾಸ್ತ ಹುಡುಗನನ್ನು ಪತ್ತೆ ಹಚ್ಚಿದ. ಬಹುಮಾನ ಸಿಗಲಿಲ್ಲ ಎಂದಾಗ ಚೀಲದ ಮೇಲೆ ಕುಳಿತಿದ್ದವರೆಲ್ಲ ನ್ಯಾಯಾಧೀಶರನ್ನು ಬೈದರು. ಪ್ರಸ್ತಾಪವೇ ಗೊತ್ತಿಲ್ಲದವನು ಅಂಗೀಕರಿಸುವುದು ಹೇಗೆ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ನನ್ನ ಉತ್ತರ ತಯಾರು. ಸಿಲೋನಿಗೆ ಹೋದ ಗಂಡ ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆಂದು ಮಾತು ಕೊಟ್ಟು ತಪ್ಪಿದ ಬಾಲ್ಫರ್ ಕಥೆಯನ್ನು ಅವ್ವನಿಗೆ ಹೇಳಿದೆ. ಗಂಡ ಹೆಂಡಿರ ಮಾತು ಕರಾರಲ್ಲ ಎಂಬ 1919ರ ಆ ತೀರ್ಪನ್ನು ಅವ್ವ ಇಂದಿಗೂ ಒಪ್ಪಿಲ್ಲ.

ಬೊಮ್ಮಾಯಿ ಮೊಕದ್ದಮೆಗೆ ಇಷ್ಟು ಕಷ್ಟಪಡಲಿಲ್ಲ. ಎಸ್.ಆರ್. ಬೊಮ್ಮಾಯಿ ನಮ್ಮ ಭಾಗದವರೇ. 1989ರಲ್ಲಿ ಅವರ ಸರ್ಕಾರ ವಜಾ ಆದದ್ದನ್ನು ಅಂಗಡಿಯ ಮಾಲೀಕರು ನಿನ್ನೆಯ ಸುದ್ದಿಯಂತೆ ಹೇಳುತ್ತಾರೆ. ನಾನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ 1994ರ ತೀರ್ಪನ್ನು ಅದಕ್ಕೆ ಜೋಡಿಸಿಕೊಂಡೆ: ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ.

ಕೈಕೊಟ್ಟ ಪ್ರಯೋಗಗಳೂ ಇವೆ. ಕಲಮುಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೇಳುತ್ತಿದ್ದೆ. ಉಣಕಲ್ ಕೆರೆ ದಾಟುವ ಮುನ್ನವೇ ನಿದ್ದೆ. ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಮುಗಳ ಸಂಖ್ಯೆಗಳನ್ನು ರೂಮಿನ ಗೋಡೆಗೆ ಅಂಟಿಸಿದ್ದೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ 511 ಕಲಮುಗಳ ಜಾಗಕ್ಕೆ 358 ಬಂದವು. ಕೊಲೆಯ 302 ಹೋಗಿ 103 ಆಯಿತು, ವಂಚನೆಯ 420 ಹೋಗಿ 318. ಸೆಕೆಂಡ್‌ಹ್ಯಾಂಡಿನಲ್ಲಿ ನೂರಿಪ್ಪತ್ತು ರೂಪಾಯಿಗೆ ತಂದ ಪುಸ್ತಕವನ್ನು ಎಸೆಯಲು ಮನಸ್ಸಾಗದೆ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಸಂಖ್ಯೆ ಬರೆದೆ. ಈಗ ಅದೇ ಉಪಯೋಗಕ್ಕೆ ಬರುತ್ತಿದೆ, ಹಳೆಯ ಮೊಕದ್ದಮೆಗಳು ಹಳೆಯ ಸಂಖ್ಯೆಯಲ್ಲೇ ನಡೆಯುತ್ತಿವೆಯಲ್ಲ.

ಧಾರವಾಡ ಪೀಠದಲ್ಲಿ ವಕೀಲಿ ಮಾಡುವ ಹಿರಿಯರೊಬ್ಬರು, “ಹೈಕೋರ್ಟಿನಲ್ಲಿ ಏನು ಮಾಡುತ್ತೀಯಪ್ಪಾ?” ಎಂದು ಕೇಳಿದ್ದರು. ಅಲ್ಲಿ ಇಂಗ್ಲಿಷ್ ಬೇಕು, ಸುಳ್ಳಲ್ಲ. ಆದರೆ ಪ್ರತಿಫಲ ಎಂದರೇನೆಂದು ತಿಳಿದ ಮೇಲೆ ‘ಕನ್ಸಿಡರೇಶನ್’ ತಾನಾಗಿ ತಿಳಿಯಿತು. ಕೊನೆಯ ವರ್ಷ ಇಂಗ್ಲಿಷ್ ತೀರ್ಪುಗಳನ್ನು ನೋಟ್‌ಬುಕ್ ಪಕ್ಕದಲ್ಲಿಟ್ಟು ಓದಿದೆ. ದಿನಕ್ಕೆ ನಾಲ್ಕು ಪುಟದಿಂದ ಶುರುವಾದದ್ದು ಹದಿನೈದರ ತನಕ ಹೋಯಿತು.

ಮೂರನೆಯ ಯತ್ನದಲ್ಲಿ ಕರಾರು ಪತ್ರಿಕೆಗೆ ಐವತ್ತರ ಮೇಲೆ ಬಂತು. ಪ್ರತಿ ಉತ್ತರದ ಮೊದಲ ನಾಲ್ಕು ಸಾಲನ್ನು ನಾನು ಒಂದು ಬಗೆಯಲ್ಲಿ ಕಟ್ಟುತ್ತೇನೆ. ಅದನ್ನಿಲ್ಲಿ ಬರೆಯುವುದಿಲ್ಲ, ನನ್ನ ತಮ್ಮ ಈ ವರ್ಷ ಮೊದಲ ಸೆಮಿಸ್ಟರಿನಲ್ಲಿದ್ದಾನೆ, ಅವನದು ಮುಗಿಯಲಿ.

ಮೊನ್ನೆ ರೂಮಿನ ಗೆಳೆಯನೊಬ್ಬ ನೋಟ್‌ಬುಕ್ ಕೇಳಿದ. ಜೆರಾಕ್ಸ್ ಅಂಗಡಿಗೆ ನಾನೂ ಜೊತೆಗೇ ಹೋಗಿ, ಪ್ರತಿ ತೆಗೆದು ಮುಗಿಯುವ ತನಕ ಅಲ್ಲೇ ನಿಂತು, ನನ್ನದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ.