ಬೆಲ್ಲನ ಗೇಟು ಪಾಠ

ಬೆಲ್ಲ ನಮಗೆ ಸಿಕ್ಕಿದ್ದು ಮಂಡ್ಯದ ಹತ್ತಿರ ನಮ್ಮೂರಿನ ಆಲೆಮನೆಯಲ್ಲಿ. ನಾಟಿ ನಾಯಿಮರಿ, ಬಣ್ಣವೂ ಬೆಲ್ಲದ್ದೇ. ಎರಡು ತಿಂಗಳಿನವನನ್ನು ಸಂಕ್ರಾಂತಿ ಮುಗಿಸಿಕೊಂಡು ಮೈಸೂರಿಗೆ ಕರೆತಂದೆವು. ಸರಸ್ವತಿಪುರಂ ಮನೆಯೊಳಗೆ ಬಿಟ್ಟಿದ್ದೇ ತಡ, ದೇವರ ಕೋಣೆ ಮುಂದೆ ಉಚ್ಚೆ ಹೊಯ್ದ. ಅಮ್ಮ ನನ್ನ ಮುಖ ನೋಡಿದರು, ನಾಯಿ ಮುಖ ನೋಡಲಿಲ್ಲ.

ಉಚ್ಚೆ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಯಾರೋ ಹೇಳಿದರು ಅಂತ ಒಂದು ಸಲ ಅವನ ಮೂತಿಯನ್ನು ಅದೇ ಜಾಗಕ್ಕೆ ಒತ್ತಿ ಗದರಿದೆ. ಮಾರನೇ ದಿನದಿಂದ ಅವನು ದಿವಾನದ ಹಿಂದೆ ಹೋಗಿ ಹೊಯ್ಯತೊಡಗಿದ. ಒಳಗೆ ಹೊಯ್ಯಬಾರದು ಅಂತ ಅವನು ಕಲಿಯಲಿಲ್ಲ, ನನ್ನ ಕಣ್ಣಿಗೆ ಬೀಳಬಾರದು ಅಂತ ಕಲಿತ. ಆಮೇಲೆ ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಕೂಡಲೇ, ಮಿಕ್ಕಂತೆ ಎರಡು ಗಂಟೆಗೊಮ್ಮೆ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದೆ. ಕೆಲಸ ಮುಗಿಸಿದ ತಕ್ಷಣ, ಅಲ್ಲೇ, ಒಂದು ತಿಂಡಿ ಚೂರು. ಮನೆಯೊಳಗೆ ಬಂದು ಕೊಟ್ಟರೆ ಅದು ಯಾತಕ್ಕೆ ಸಿಕ್ಕಿತು ಅಂತ ಅವನಿಗೆ ಗೊತ್ತಾಗೋದಿಲ್ಲ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಏಳೋದು ಕಷ್ಟವೇ. ಆದರೂ ತಿಂಗಳೊಳಗೆ ಒಂದು ಹದಕ್ಕೆ ಬಂತು.

ಚಪ್ಪಲಿ ಕಡಿಯೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕರಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತೆ, ವಸಡು ನವೆಯುತ್ತೆ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಟ್ಟೆವು. ಚಪ್ಪಲಿಗಳನ್ನು ಮೇಲೆ ಎತ್ತಿಟ್ಟೆವು. ಮುಗೀತು.

ದೊಡ್ಡ ತಲೆನೋವು ಗೇಟಿನದು. ಚಿಲಕದ 'ಟಣ್' ಶಬ್ದ ಕೇಳಿದರೆ ಸಾಕು, ಬೆಲ್ಲ ಹಾರಿ ಬಂದವರ ಎದೆ ಮೇಲೆ ಕಾಲಿಡುತ್ತಿದ್ದ. ನಮ್ಮ ಸೋದರತ್ತೆಯ ಮೈಸೂರು ಸಿಲ್ಕ್ ಸೀರೆಯ ಎಳೆ ಕಿತ್ತು ಬಂದ ದಿನ ಮನೆಯಲ್ಲಿ ಪಂಚಾಯಿತಿ ಕೂತಿತು. ಆಗ ಒಂದು ಗಮನಿಸಿದೆ. ಅವನು ಹಾರಿದಾಗ ನಾವು ಕೂಗುತ್ತಿದ್ದೆವು, ಕೈಯಿಂದ ದೂಡುತ್ತಿದ್ದೆವು. ಅವನ ಪಾಲಿಗೆ ಅದು ಆಟ. ಮುಟ್ಟಿದರಲ್ಲ, ಮಾತಾಡಿಸಿದರಲ್ಲ! ಜೊತೆಗೆ ನಾನು 'ಕೂತ್ಕೋ' ಅಂತಿದ್ದೆ, ಮಗಳು 'ಸಿಟ್' ಅಂತಿದ್ದಳು, ಹೆಂಡತಿ 'ಬೇಡ ಬೇಡ' ಅಂತಿದ್ದಳು, ಅಮ್ಮ 'ಕುಂತ್ಕಳ್ಲಾ' ಅಂತಿದ್ದರು. ಪಾಪ, ಅವನಾದರೂ ಯಾರ ಮಾತು ಕೇಳಬೇಕು?

ಅಮ್ಮ ತಮ್ಮ ಮಾತು ಬದಲಿಸೋದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಹಾಗಾಗಿ ಎಲ್ಲರೂ 'ಕುಂತ್ಕಳ್ಲಾ' ಅನ್ನೋದು ಅಂತ ತೀರ್ಮಾನವಾಯಿತು. ಕಾನ್ವೆಂಟಿಗೆ ಹೋಗುವ ಮಗಳ ಬಾಯಲ್ಲಿ ಅದನ್ನು ಕೇಳೋದೇ ಒಂದು ಮಜಾ.

ಬೇಯಿಸಿದ ಕೋಳಿಯನ್ನು ಕಡಲೆಬೀಜದಷ್ಟು ಚಿಕ್ಕದಾಗಿ ಹೆಚ್ಚಿ ಡಬ್ಬಿಯಲ್ಲಿಟ್ಟೆ. ಸೋಮವಾರ, ಶನಿವಾರ ನಮ್ಮನೆಯಲ್ಲಿ ಕೋಳಿ ಇಲ್ಲ, ಆವತ್ತು ಬೇಯಿಸಿದ ಗೆಣಸು. ಮಗಳು ಹೊರಗೆ ಹೋಗಿ ಚಿಲಕ ತೆಗೆಯೋದು. ಅವನು ಹಾರಿದರೆ ಬೆನ್ನು ತಿರುಗಿಸಿ, ಕೈ ಕಟ್ಟಿ, ಮಾವಿನ ಮರ ನೋಡುತ್ತಾ ನಿಲ್ಲೋದು. ಮಾತಿಲ್ಲ, ಕಣ್ಣು ಕೂಡಿಸೋದಿಲ್ಲ. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ಒಂದು ಚೂರು. ದಿನಕ್ಕೆ ಮೂರು ಸಲ, ಐದೈದು ನಿಮಿಷ. ನೆಲದಲ್ಲಿ ನಿಲ್ಲೋದು ರೂಢಿಯಾದ ಮೇಲೆ 'ಕುಂತ್ಕಳ್ಲಾ' ಸೇರಿಸಿದೆವು.

ಮೊದಲ ನಾಲ್ಕು ದಿನ ಹಾರಾಟ ಇನ್ನೂ ಜಾಸ್ತಿಯಾಯಿತು. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೀತಿಲ್ಲ ಅಂತ ಜೋರು ಮಾಡುತ್ತಿದ್ದ. ಇಲ್ಲೇ ತುಂಬಾ ಜನ ಕೈ ಬಿಡೋದು. ಆರನೇ ದಿನ ಚಿಲಕ ಟಣ್ ಅಂತು. ಬೆಲ್ಲ ಓಡಿ ಬಂದ, ಮುಂಗಾಲು ಎತ್ತಿದ, ಏನೋ ನೆನಪಾದವನಂತೆ ಇಳಿಸಿ, ಕೂತು, ಬಾಲದಲ್ಲಿ ಅಂಗಳ ಗುಡಿಸಿದ. ಹಾಲಿನವರ ಕೈಗೂ ಒಂದು ಚೂರು ಕೊಟ್ಟಿಡುತ್ತಿದ್ದೆ. ಪಕ್ಕದ ಮನೆಯವರೊಬ್ಬರು ಮಾತ್ರ "ಬಿಡಿ ಸಾರ್, ನಂಗೇನಿಲ್ಲ" ಅಂತ ಹಾರಿದವನನ್ನೇ ಮುದ್ದು ಮಾಡಿ ವಾರದ ಕೆಲಸ ಕೆಡಿಸುತ್ತಿದ್ದರು.

ಶಬ್ದದ ಭಯಕ್ಕೆ ದಾರಿ ಸಿಕ್ಕಿದ್ದು ದಸರಾದಿಂದ. ಜಂಬೂಸವಾರಿ ದಿನ ಇಪ್ಪತ್ತೊಂದು ಕುಶಾಲತೋಪು ಹಾರಿಸುತ್ತಾರೆ. ಆನೆ, ಕುದುರೆಗಳಿಗೆ ಅದಕ್ಕೂ ಮುಂಚೆ ಹಲವು ಸಲ ತಾಲೀಮು ಇರುತ್ತೆ. ಆನೆಗೇ ಅಭ್ಯಾಸ ಮಾಡಿಸ್ತಾರೆ, ನಾಯಿಗೆ ಯಾಕಾಗಬಾರದು? ಫೋನಿನಲ್ಲಿ ಪಟಾಕಿ ಶಬ್ದವನ್ನು ತೀರಾ ಮೆಲ್ಲಗೆ ಹಾಕಿ ಅವನಿಗೆ ಊಟ ಕೊಟ್ಟೆ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಏರಿಸಿದೆ. ಕಿವಿ ಹಿಂದಕ್ಕೆ ಮಡಚಿದರೆ ಆವತ್ತಿಗೆ ತಗ್ಗಿಸೋದು. ದೀಪಾವಳಿಯಲ್ಲಿ ಪೂರ್ತಿ ಧೈರ್ಯ ಬಂತು ಅಂತ ಹೇಳಲಾರೆ. ಅಮ್ಮನ ಮಂಚದ ಕೆಳಗೆ ಹೋಗಿ ಮಲಗಿದ. ಆದರೆ ನಡುಗಲಿಲ್ಲ, ಊಟ ಬಿಡಲಿಲ್ಲ.

ಇನ್ನು ಉಳಿದಿರೋದು ಊಟದ ಹೊತ್ತಿನ ಭಿಕ್ಷೆ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ ಅಂತ ಹೇಳಿ ಹೇಳಿ ಸಾರು, ಪಾಯಸ ಬೀಳೋದು ನಿಂತಿದೆ. ಬರೀ ಮುದ್ದೆಯ ಚೂರು ಮಾತ್ರ ಈಗಲೂ ಮೇಜಿನ ಕೆಳಗೆ ಹೋಗುತ್ತೆ. ಕೇಳಿದರೆ ಅಮ್ಮ, "ಕುಂತವ್ನೆ ಕಣಪ್ಪಾ, ನೀನೇ ಹೇಳಿದ್ದಲ್ವಾ ಕುಂತ್ರೆ ಕೊಡು ಅಂತ" ಅನ್ನುತ್ತಾರೆ.