ಮೊಣಕಾಲಿಗೆ ಸೂಜಿ ಮಾಡಿಸಿದ ಮೇಲೆ: ಯಾವ ದಿನ ಏನಾದರೆ ಏನು ಮಾಡಬೇಕು?

ರಾಯಚೂರಿನ ಯಾವುದೇ ಎಲುಬಿನ ಡಾಕ್ಟರ್ ಕ್ಲಿನಿಕ್‌ನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು. ಮೊಣಕಾಲಿನ ಸೂಜಿಯ ಬಗ್ಗೆ ಎಲ್ಲ ತರದ ಮಾತೂ ಕಿವಿಗೆ ಬೀಳುತ್ತವೆ. "ಒಂದ ಸೂಜಿಗೆ ಆರಾಮ ಆತು ನೋಡ್ರಿ" ಎಂದು ಒಬ್ಬರು ಹೇಳುತ್ತಾರೆ. ಪಕ್ಕದವರು "ನಮ್ಮವ್ವಗ ಅವತ್ತ ರಾತ್ರಿಯೆಲ್ಲಾ ನಿದ್ದಿ ಇಲ್ಲ, ಕಾಲು ಮಡಚಾಕ ಬರಲಿಲ್ಲ" ಎನ್ನುತ್ತಾರೆ. ಒಬ್ಬರಿಗೆ ಶುಗರ್ ಏರಿದೆ, ಇನ್ನೊಬ್ಬರಿಗೆ ಚುಚ್ಚಿದ ಜಾಗ ಬೆಳ್ಳಗಾಗಿದೆ. ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಬೇರೆ ಬೇರೆ ಔಷಧಿಯ ಬಗ್ಗೆ, ಬೇರೆ ಬೇರೆ ದಿನದ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೆ.

ಮೊದಲ ರಾತ್ರಿ ಬರುವ ನೋವಿಗೂ ನಾಲ್ಕನೇ ದಿನ ಶುರುವಾಗುವ ನೋವಿಗೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದು ಹೆಚ್ಚಾಗಿ ತಾನಾಗೇ ಹೋಗುತ್ತದೆ. ಎರಡನೆಯದು ಮೊಣಕಾಲನ್ನೇ ಹಾಳು ಮಾಡಬಹುದು. ಹಾಗಾಗಿ ಎರಡು ಸಂಗತಿ ಯಾವಾಗಲೂ ಕೈಯಲ್ಲಿರಲಿ: ಒಳಗೆ ಹೋದ ಔಷಧಿ ಯಾವುದು, ಹೋಗಿದ್ದು ಯಾವ ತಾರೀಖು.

ಔಷಧಿಯ ಹೆಸರು ಕೇಳಿ, ಬರೆಸಿಕೊಳ್ಳಿ

"ಡಾಕ್ಟ್ರೇ, ಇದು ಯಾವ ಸೂಜಿ ರೀ?" ಎಂದು ಕೇಳುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಕೇಳಲೇಬೇಕು. ಸವೆದ ಮೊಣಕಾಲಿನ ಕೀಲಿನೊಳಗೆ ಹಾಕುವ ಸೂಜಿಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಸ್ಟೆರಾಯ್ಡ್. ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಹೆಸರು ಸೀಸೆಯ ಮೇಲೆ ಇರುತ್ತದೆ. ಬೆಲೆ ಕಡಿಮೆ. ಕೆಲವು ದಿನಗಳಲ್ಲಿ ನೋವು ಇಳಿಯುತ್ತದೆ, ಆದರೆ ಆರಾಮ ಇರುವುದು ಕೆಲವು ವಾರ. ಅದೃಷ್ಟ ಇದ್ದರೆ ಮೂರು ತಿಂಗಳು.

ಎರಡನೆಯದು ಹಯಲುರಾನಿಕ್ ಆಸಿಡ್. ಜನರ ಬಾಯಲ್ಲಿ ಇದು 'ಜೆಲ್ ಸೂಜಿ' ಅಥವಾ 'ಗ್ರೀಸ್ ಸೂಜಿ'. ಹಲವು ಸಾವಿರ ರೂಪಾಯಿ ಆಗುತ್ತದೆ. ಒಂದೇ ಸಲ ಕೊಡುವುದೂ ಇದೆ, ವಾರಕ್ಕೊಂದರಂತೆ ಮೂರು ಕೊಡುವುದೂ ಇದೆ. ಗುಣ ಕಾಣುವುದಾದರೆ ವಾರಗಳು ಬೇಕು. ಬ್ರಿಟನ್ನಿನ ಸರ್ಕಾರಿ ಚಿಕಿತ್ಸಾ ಮಾರ್ಗಸೂಚಿ 2022ರಲ್ಲಿ ಸವೆದ ಕೀಲಿಗೆ ಇದನ್ನು ಕೊಡುವುದೇ ಬೇಡ ಎಂದಿದೆ. ನಮ್ಮಲ್ಲಿ ಮಾತ್ರ ಇದು ಇನ್ನೂ ಜೋರಾಗಿಯೇ ನಡೆಯುತ್ತಿದೆ.

ಮೂರನೆಯದು ಪಿಆರ್‌ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರಲ್ಲಿನ ಪ್ಲೇಟ್‌ಲೆಟ್ ಭಾಗವನ್ನು ಕೀಲಿಗೆ ಹಾಕುತ್ತಾರೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 288 ಜನರನ್ನು ಒಂದು ವರ್ಷ ನೋಡಿದರು. ಬರೀ ಉಪ್ಪುನೀರಿನ ಸೂಜಿಗಿಂತ ಇದರಿಂದ ನೋವು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ದುಡ್ಡು ಹೊಂದಿಸುವ ಮುಂಚೆ ಇದು ಗೊತ್ತಿರಲಿ.

ಇವು ಮೂರಕ್ಕೂ ಸೇರದ ಒಂದು ಸೂಜಿ ಇದೆ. ಹಳ್ಳಿಯಲ್ಲಿ ಆರ್‌ಎಂಪಿಗಳು, ಅಂದರೆ ಡಾಕ್ಟರ್ ಓದು ಓದದೆ ಚಿಕಿತ್ಸೆ ಕೊಡುವವರು, ಸೊಂಟಕ್ಕೆ ಹಾಕುವುದು. ನೋವಿನ ಔಷಧಿ, ಜೊತೆಗೆ ಎಷ್ಟೋ ಸಲ ಸ್ಟೆರಾಯ್ಡ್. ಮರುದಿನ ನಾಟಿ ಹಚ್ಚಲು ಗದ್ದೆಗೆ ಇಳಿಯುವಷ್ಟು ಹಗುರ ಎನಿಸುತ್ತದೆ, ಅದಕ್ಕೇ ಜನ ಮತ್ತೆ ಮತ್ತೆ ಹೋಗುತ್ತಾರೆ. ಅದು ಕೀಲಿಗೆ ಹೋಗುವುದಿಲ್ಲ, ಇಡೀ ಮೈಗೆ ಹೋಗುತ್ತದೆ. ಹೀಗೆ ಪದೇ ಪದೇ ಹಾಕಿಸಿಕೊಂಡರೆ ಮುಖ ಊದುವುದು, ಶುಗರ್ ಬರುವುದು, ಎಲುಬು ಟೊಳ್ಳಾಗುವುದು ಎಲ್ಲ ಆಗಬಹುದು. ಅಂಥ ಸೂಜಿ ತಗೊಂಡಿದ್ದರೆ ಎಲುಬಿನ ಡಾಕ್ಟರಿಗೆ ಮುಚ್ಚಿಡಬೇಡಿ. ಅವರು ಹಾಕುವ ಸ್ಟೆರಾಯ್ಡ್ ಅದರ ಮೇಲೆ ಸೇರುತ್ತದೆ. ನನ್ನನ್ನು ಕೇಳಿದರೆ, ಹೆಸರು ಬರೆದುಕೊಡದ ಯಾವ ಸೂಜಿಯೂ ಬೇಡ.

ಸೂಜಿಗೆ ಮುಂಚೆ

ಶುಗರ್ ಇದ್ದರೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ, ಆದರೆ ನೀವೇ ನಿಲ್ಲಿಸಬೇಡಿ. ಜ್ವರ, ಉರಿಮೂತ್ರ, ಹಲ್ಲಿನ ಕೀವು, ಕಾಲಿನಲ್ಲಿ ವಾಸಿಯಾಗದ ಹುಣ್ಣು, ಇಂಥದ್ದು ಏನಿದ್ದರೂ ಸೂಜಿ ಮುಂದಕ್ಕೆ ಹೋಗಬೇಕು. ಮೈಯಲ್ಲಿರುವ ಸೋಂಕು ಕೀಲಿಗೆ ಇಳಿಯಬಾರದಲ್ವಾ?

ಮೊಣಕಾಲಿನ ಮೇಲಿನ ಚರ್ಮವೂ ಸರಿ ಇರಬೇಕು. ನೋವಿಗೆಂದು ಬರೆ ಹಾಕಿಸಿಕೊಂಡವರು, ಎಕ್ಕದ ಎಲೆ ಕಾಯಿಸಿ ಕಟ್ಟಿ ಬೊಬ್ಬೆ ಬಂದವರು ನಮ್ಮ ಕಡೆ ಕಡಿಮೆ ಇಲ್ಲ. ಗಾಯ ಹಸಿಯಾಗಿದ್ದರೆ ಅದರ ಮೂಲಕ ಸೂಜಿ ಹೋಗಬಾರದು. ಜೆಲ್ ಸೂಜಿ ಆದರೆ ಇನ್ನೊಂದು ಮಾತು: ಕೆಲವು ಬ್ರಾಂಡ್‌ಗಳನ್ನು ಹುಂಜದ ಜುಟ್ಟಿನಿಂದ ತಯಾರಿಸುತ್ತಾರೆ. ಕೋಳಿ, ಮೊಟ್ಟೆ ಮೈಗೆ ಆಗದವರು ಮೊದಲೇ ಹೇಳಬೇಕು. ಪಿಆರ್‌ಪಿ ಮಾಡಿಸುವವರಿಗೆ ಕೆಲವು ದಿನ ಮುಂಚಿನಿಂದಲೇ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ಬೇಡ ಎನ್ನುತ್ತಾರೆ.

ಆ ದಿನ ಹೊಟ್ಟೆಗೆ ಏನಾದರೂ ತಿಂದು ಹೋಗಿ. ಬೈಕ್ ನೀವೇ ಓಡಿಸಬೇಡಿ. ಸೂಜಿ ಆದ ಮೇಲೆ ಬಸ್ ತಪ್ಪುತ್ತದೆ ಎಂದು ಕೂಡಲೇ ಏಳಬೇಡಿ, ಕಾಲು ಗಂಟೆಯಿಂದ ಅರ್ಧ ಗಂಟೆ ಅಲ್ಲೇ ಕೂತಿರಿ. ಕೆಲವರಿಗೆ ತಲೆ ಸುತ್ತುತ್ತದೆ, ಅಪರೂಪಕ್ಕೆ ಅಲರ್ಜಿ ಆಗುತ್ತದೆ. ಉಸಿರು ಕಟ್ಟಿದಂತಾದರೆ, ತುಟಿ ಮುಖ ಬಾತರೆ ತಕ್ಷಣ ಹೇಳಿ.

ಮೊದಲ ಎರಡು ದಿನ

ಹೆಚ್ಚು ಜನ ಗಾಬರಿಯಾಗುವುದು ಇಲ್ಲೇ. ಮಧ್ಯಾಹ್ನ ಆಸ್ಪತ್ರೆಯಿಂದ ಬರುವಾಗ ನೋವೇ ಇರುವುದಿಲ್ಲ. ಸಂಜೆಯ ಹೊತ್ತಿಗೆ ನೋವು ಮರಳುತ್ತದೆ, ರಾತ್ರಿ ಮೊದಲಿಗಿಂತ ಜಾಸ್ತಿಯಾಗುತ್ತದೆ. "ಸೂಜಿ ತಿರುಗಿ ಬಿತ್ತು" ಎಂದು ಮನೆಯವರೆಲ್ಲ ಹೆದರುತ್ತಾರೆ.

ಕಾರಣ ಸರಳ. ಸ್ಟೆರಾಯ್ಡ್ ಜೊತೆ ಸಾಮಾನ್ಯವಾಗಿ ಮರಗಟ್ಟಿಸುವ ಔಷಧಿಯನ್ನೂ ಬೆರೆಸಿರುತ್ತಾರೆ. ಮಧ್ಯಾಹ್ನದ ಆರಾಮ ಅದರದ್ದು. ಕೆಲವು ಗಂಟೆಗಳಲ್ಲಿ ಅದು ಇಳಿದುಹೋಗುತ್ತದೆ. ಸ್ಟೆರಾಯ್ಡ್ ಕೆಲಸ ಶುರು ಮಾಡುವುದು ಆಮೇಲೆ. ಅಷ್ಟರೊಳಗೆ ಕೆಲವರಿಗೆ ಔಷಧಿಯ ಸಣ್ಣ ಹರಳುಗಳೇ ಕೀಲಿನ ಒಳಪದರವನ್ನು ಕೆರಳಿಸುತ್ತವೆ. ಆಗ ಬಾವು, ಬಿಸಿ, ನೋವು ಕಾಣಿಸುತ್ತದೆ. ಇದು ಒಂದೆರಡು ದಿನದಲ್ಲಿ ದಿನದಿಂದ ದಿನಕ್ಕೆ ಇಳಿಯಬೇಕು. ಪಿಆರ್‌ಪಿ ಆದವರಿಗೆ ಕೆಲವು ದಿನ ನೋವು ಇರುವುದು ಮಾಮೂಲು.

ಐಸ್ ತುಂಡುಗಳನ್ನು ಟವೆಲ್‌ನಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಫ್ರಿಜ್ ಇಲ್ಲದಿದ್ದರೆ ಅಂಗಡಿಯ ತಣ್ಣನೆ ನೀರಿನ ಪಾಕೀಟೂ ಆದೀತು. ಬಿಸಿ ಎಣ್ಣೆ ಹಾಕಿ ತಿಕ್ಕುವುದು ಬೇಡವೇ ಬೇಡ. ನೋವಿಗೆ ಯಾವ ಮಾತ್ರೆ ಎಂದು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ಸ್ಟೆರಾಯ್ಡ್‌ನಿಂದ ಮುಖ ಕೆಂಪಾಗಿ ಬಿಸಿಯಾಗುವುದೂ ಇದೆ. ಹೆಂಗಸರಲ್ಲಿ ಇದು ಜಾಸ್ತಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಯಾರಿಗಾದರೂ ಮುಖ ಕೆಂಪಾಗುತ್ತದೆ, ಆದ್ದರಿಂದ ಇದು ಸೂಜಿಯದ್ದು ಎಂದು ತಿಳಿಯುವುದೇ ಇಲ್ಲ. ಒಂದೆರಡು ರಾತ್ರಿ ನಿದ್ದೆ ಬಾರದಿರಬಹುದು. ಬಿಪಿ ಸ್ವಲ್ಪ ಏರಬಹುದು. ಮುಟ್ಟು ಏರುಪೇರಾಗಬಹುದು. ಈ ಮಾತನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಹೆಂಗಸರೂ ಕೇಳಲು ನಾಚುತ್ತಾರೆ. ಮುಟ್ಟು ನಿಂತವರಿಗೆ ರಕ್ತ ಕಂಡರೆ ಮಾತ್ರ ಸೂಜಿಯ ತಲೆಗೆ ಕಟ್ಟಿ ಸುಮ್ಮನಿರಬೇಡಿ, ಹೆಂಗಸರ ಡಾಕ್ಟರಿಗೆ ತೋರಿಸಿ.

ಇನ್ನು ಆರಾಮ ಆದವರ ಕಥೆ. ನೋವು ಹೋಯಿತೆಂದು ಮೂರನೇ ದಿನಕ್ಕೇ ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಹೊರಡುವವರಿದ್ದಾರೆ! ಒಂದೆರಡು ದಿನ ಮನೆಯೊಳಗಿನ ಓಡಾಟ ಸಾಕು. ಆಮೇಲೂ ಕುಕ್ಕರಗಾಲಲ್ಲಿ ಕೂರುವುದು, ಭಾರ ಹೊರುವುದು ನಿಧಾನಕ್ಕೆ. ನೋವು ಮರೆಯಾಗಿದೆ, ಸವೆದ ಕೀಲು ಹಾಗೇ ಇದೆ.

ಶುಗರ್ ಇರುವವರಿಗೆ ಬೇರೆ ಲೆಕ್ಕ

ಮೊಣಕಾಲಿಗೆ ಹಾಕಿದ ಸ್ಟೆರಾಯ್ಡ್ ಅಲ್ಲೇ ಇರುವುದಿಲ್ಲ. ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಶುಗರ್ ಇರುವವರಲ್ಲಿ ಅದೇ ದಿನದಿಂದ ಸಕ್ಕರೆ ಏರಲು ಶುರುವಾಗಬಹುದು. ಮೊದಲ ಮೂರು ದಿನ ಜೋರು, ಕೆಲವರಿಗೆ ಒಂದು ವಾರ. ಊಟದಲ್ಲಿ ಏನೂ ತಪ್ಪಿಲ್ಲ, ಜೋಳದ ರೊಟ್ಟಿ, ಪಲ್ಯವೇ ತಿಂದಿದ್ದಾರೆ, ಆದರೂ ಮೀಟರ್ 280 ತೋರಿಸುತ್ತದೆ. ಆಗ ಮನೆಯಲ್ಲಿ ಜಗಳ: "ಅವ್ವಾ, ಕದ್ದು ಏನ್ ತಿಂದಿ?" ಪಾಪ, ಅವ್ವ ಏನೂ ತಿಂದಿಲ್ಲ.

ಹೀಗೆ ಮಾಡಿ. ಸೂಜಿಗೆ ಮುಂಚೆಯೇ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಸೂಜಿ ಮುಂದೂಡಿ. ಹತೋಟಿಯಲ್ಲಿದ್ದರೆ, ಸೂಜಿಯ ದಿನದಿಂದ ಒಂದು ವಾರ ದಿನಾ ಪರೀಕ್ಷೆ ಮಾಡಿ. ಬೆಳಗ್ಗೆ ಖಾಲಿ ಹೊಟ್ಟೆಯದ್ದು ಮಾತ್ರ ನೋಡಿದರೆ ಸಾಲದು, ಊಟದ ನಂತರದ್ದೂ ಬೇಕು. ಮೀಟರ್ ಮನೆಯಲ್ಲಿಲ್ಲದಿದ್ದರೆ ಹತ್ತಿರದ ಲ್ಯಾಬ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆಯಲ್ಲ. ಓದಿದ ಅಂಕಿಯನ್ನು ಕ್ಯಾಲೆಂಡರ್‌ನ ಆ ತಾರೀಖಿನ ಚೌಕದಲ್ಲೇ ಬರೆದಿಡಿ. 300 ದಾಟಿದರೆ, ಅಥವಾ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ, ಇನ್ಸುಲಿನ್ ಅಳತೆಯನ್ನು ನೀವೇ ಏರಿಸಬೇಡಿ. ವಾರದ ನಂತರ ಸಕ್ಕರೆ ಇಳಿದಾಗ, ಏರಿಸಿದ ಅಳತೆಯೇ ಅಪಾಯ ತರುತ್ತದೆ.

ಮೂರನೇ ದಿನ ಆದ ಮೇಲೂ ನೋವು ಏರುತ್ತಿದ್ದರೆ

ಈ ಭಾಗವನ್ನು ಮನೆಯವರೂ ಓದಲಿ. ಇಳಿಯಬೇಕಾದ ನೋವು ಏರುತ್ತಾ ಹೋದರೆ, ಅಥವಾ ಕೆಲವು ದಿನ ಆರಾಮಿದ್ದು ಹೊಸದಾಗಿ ಜೋರಾಗಿ ಶುರುವಾದರೆ ಕೀಲಿನೊಳಗೆ ಸೋಂಕು ಇರಬಹುದು. ಮೊಣಕಾಲು ಕೆಂಪಗೆ, ಮುಟ್ಟಿದರೆ ಸುಡುವಷ್ಟು ಬಿಸಿ. ಮಡಚಲು, ಕಾಲೂರಲು ಆಗುವುದಿಲ್ಲ. ಜ್ವರ, ಚಳಿ ನಡುಕ ಇರಬಹುದು. ವಯಸ್ಸಾದವರಿಗೆ, ಶುಗರ್ ಇರುವವರಿಗೆ ಜ್ವರ ಬಾರದೆಯೂ ಇರಬಹುದು, ಹಾಗಾಗಿ ಜ್ವರ ಇಲ್ಲ ಎಂದು ಧೈರ್ಯ ತಗೊಳ್ಳಬೇಡಿ.

ಇದು ಅಪರೂಪ. ಸಾವಿರಾರು ಸೂಜಿಗಳಲ್ಲಿ ಒಂದಕ್ಕೆ ಆಗುವಂಥದ್ದು. ಆದರೆ ಒಮ್ಮೆ ಆಯಿತೆಂದರೆ, ಕೆಲವೇ ದಿನಗಳಲ್ಲಿ ಕೀಲಿನ ಮೃದು ಎಲುಬನ್ನು ತಿಂದುಹಾಕುತ್ತದೆ. ಅದೇ ದಿನ ಹೋಗಬೇಕು, ರಾತ್ರಿಯಾದರೂ ಸರಿ. ಸೂಜಿ ಹಾಕಿದ ಕ್ಲಿನಿಕ್ ಮುಚ್ಚಿದ್ದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ಇಂಥ ದೊಡ್ಡ ಕಡೆಗೆ ಹೋಗಿ. ಅಲ್ಲಿ ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ದಾರಿಯಲ್ಲಿ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ಮಾತ್ರೆ ನುಂಗಿ ಹೋಗಬೇಡಿ. ಸೋಂಕು ಅರ್ಧ ಅಡಗಿ, ಪರೀಕ್ಷೆಯಲ್ಲಿ ಯಾವ ರೋಗಾಣು ಎಂದು ತಿಳಿಯದೆ ಹೋಗುತ್ತದೆ.

ಜೆಲ್ ಸೂಜಿಯವರಿಗೆ ಇಲ್ಲಿ ಒಂದು ಗೊಂದಲ ಇದೆ. ಸೋಂಕಿಲ್ಲದೆಯೂ ಒಂದರಿಂದ ಮೂರು ದಿನದೊಳಗೆ ಮೊಣಕಾಲು ಹೀಗೇ ಬಾತು ಕೆರಳಬಹುದು. ಮೊದಲ ಸೂಜಿಗೆ ಏನೂ ಆಗದೆ ಎರಡನೆಯದಕ್ಕೋ ಮೂರನೆಯದಕ್ಕೋ ಆಗುವುದೇ ಹೆಚ್ಚು. ನೋಡಲು ಎರಡೂ ಒಂದೇ ತರ. ಕೀಲಿನ ನೀರು ನೋಡದೆ ಇದು ಸೋಂಕೋ ಅಲ್ಲವೋ ಎಂದು ಹೇಳಲು ಆಗುವುದಿಲ್ಲ. ಮನೆಯಲ್ಲಿ ಕೂತು ನೀವು ತೀರ್ಮಾನಿಸಬೇಡಿ. ಹೀಗಾದವರು ಅದೇ ಜೆಲ್‌ನ ಮುಂದಿನ ಸೂಜಿಯ ಮುಂಚೆ ಡಾಕ್ಟರಿಗೆ ನೆನಪಿಸಲೇಬೇಕು.

ವಾರ, ತಿಂಗಳು ಕಳೆದ ಮೇಲೆ

ಚುಚ್ಚಿದ ಜಾಗ ಬೆಳ್ಳಗಾಗುವುದು ಸ್ಟೆರಾಯ್ಡ್‌ನಿಂದ. ಔಷಧಿ ಚರ್ಮದ ಕೆಳಗೆ ಸ್ವಲ್ಪ ಸೋರಿದರೆ ಬಣ್ಣ ಹೋಗುತ್ತದೆ, ಕೆಲವರಿಗೆ ಸಣ್ಣ ಗುಳಿಯೂ ಬೀಳುತ್ತದೆ. ವಾರಗಳು ಕಳೆದು ಕಾಣಿಸುವುದರಿಂದ ಸೂಜಿಯ ನೆನಪೇ ಇರುವುದಿಲ್ಲ, ತೊನ್ನು ಎಂದು ಹೆದರುತ್ತಾರೆ. ತೊನ್ನಲ್ಲ, ಹರಡುವ ಅಂಟುರೋಗವೂ ಅಲ್ಲ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ, ಕೆಲವರಿಗೆ ಗುರುತು ಉಳಿಯುತ್ತದೆ.

ಕಣ್ಣಿಗೆ ಕಾಣದ ಪರಿಣಾಮವೂ ಇದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 140 ಜನರಿಗೆ 12 ವಾರಕ್ಕೊಮ್ಮೆ, ಎರಡು ವರ್ಷ ಸೂಜಿ ಹಾಕಿದರು. ಅರ್ಧ ಜನಕ್ಕೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್, ಉಳಿದವರಿಗೆ ಉಪ್ಪುನೀರು. ಸ್ಟೆರಾಯ್ಡ್ ತಗೊಂಡವರ ಮೃದು ಎಲುಬು ಹೆಚ್ಚು ಸವೆಯಿತು. ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಅಪರೂಪಕ್ಕೊಂದು ಸೂಜಿ ಸರಿ, ಕಂತಿನಂತೆ ಹಾಕಿಸುವುದು ಸರಿಯಲ್ಲ ಎಂದು ನಾನು ಇದನ್ನು ಓದುತ್ತೇನೆ. ಒಂದೇ ಕೀಲಿಗೆ ಎರಡು ಸ್ಟೆರಾಯ್ಡ್ ನಡುವೆ ಕನಿಷ್ಠ ಮೂರು ತಿಂಗಳು, ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ ಎಂಬುದು ಡಾಕ್ಟರುಗಳ ರೂಢಿ. ಊರು ಬದಲಿಸಿ, ಡಾಕ್ಟರ್ ಬದಲಿಸಿ ಹೋಗುವವರಿಗೆ ಈ ಲೆಕ್ಕ ತಪ್ಪುತ್ತದೆ. ಹಳೆಯ ಚೀಟಿ ಬೇಕಾಗುವುದು ಇಂಥಲ್ಲಿ. ಮೊಣಕಾಲು ಬದಲಿಸುವ ಆಪರೇಷನ್ ಯೋಚನೆ ಇದ್ದರಂತೂ ಕೊನೆಯ ಸೂಜಿಯ ತಾರೀಖು ಹೇಳಲೇಬೇಕು. ಸೂಜಿ ಆಗಿ ಮೂರು ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಜಾಸ್ತಿ.

ಆದದ್ದನ್ನು ತಿಳಿಸುವುದು ಎಲ್ಲಿ?

ಔಷಧಿಯಿಂದ ತೊಂದರೆಯಾದರೆ ಡಾಕ್ಟರ್ ಮಾತ್ರವಲ್ಲ, ರೋಗಿಯೂ ಸರ್ಕಾರಕ್ಕೆ ತಿಳಿಸಬಹುದು. ಭಾರತೀಯ ಔಷಧ ನಿಗಾ ಕಾರ್ಯಕ್ರಮ 2010ರಿಂದ ಇದೆ. ಉಚಿತ ಫೋನ್ 1800-180-3024. ರೋಗಿಗಳು ತುಂಬುವ ಫಾರ್ಮ್ ಕನ್ನಡದಲ್ಲೂ ಸಿಗುತ್ತದೆ. ಯಾರ ಮೇಲೂ ಕೇಸ್ ಹಾಕಿದಂತೆ ಅಲ್ಲ, ಡಾಕ್ಟರ್ ಸಿಟ್ಟಾಗುತ್ತಾರೆ ಎಂಬ ಅಂಜಿಕೆ ಬೇಡ. ಔಷಧಿಯ ಹೆಸರು, ಹಾಕಿಸಿದ ತಾರೀಖು, ತೊಂದರೆ ಶುರುವಾದ ತಾರೀಖು ಕೇಳುತ್ತಾರೆ. ಬ್ಯಾಚ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಅದು ಸೂಜಿಯ ಡಬ್ಬಿಯ ಮೇಲೆ ಇರುತ್ತದೆ, ಕಸದ ಬುಟ್ಟಿಗೆ ಹೋಗುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ.