ಪಕ್ಕದಲ್ಲಿ ದೊಡ್ಡ ಅಂಗಡಿ ಬರುತ್ತಿದೆಯೇ? ಇಂಗ್ಲೆಂಡಿನಲ್ಲಿ ಅದರ ಪರಿಣಾಮ ಅಳೆಯುವುದು ಹೀಗೆ

ಇಂಗ್ಲೆಂಡಿನಲ್ಲಿ ದಿನಸಿ ಅಂಗಡಿ, ದೋಸೆ ಕೆಫೆ ಅಥವಾ ಚಿಕ್ಕ ಗೆಸ್ಟ್ ಹೌಸ್ ನಡೆಸುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಾಚೆ ರಿಂಗ್ ರೋಡಿನ ಬಳಿ ಸೂಪರ್‌ಮಾರ್ಕೆಟ್ ಬರುತ್ತದೆ ಅಂತ ಗೊತ್ತಾದ ಕೂಡಲೇ ನಮ್ಮಲ್ಲಿ ಅನೇಕರು ಕೌನ್ಸಿಲ್‌ಗೆ ಬರೆಯುವುದು ಒಂದೇ ಮಾತು: "ನನ್ನ ವ್ಯಾಪಾರ ಹಾಳಾಗುತ್ತದೆ." ಅದು ನಿಜವೇ ಇರಬಹುದು. ಆದರೂ ಆ ಕಾಗದಕ್ಕೆ ಬೆಲೆ ಸಿಗುವುದಿಲ್ಲ. ಇಲ್ಲಿನ ಪ್ಲಾನಿಂಗ್ ಪದ್ಧತಿ ಒಬ್ಬ ವ್ಯಾಪಾರಿಯನ್ನು ಇನ್ನೊಬ್ಬರ ಪೈಪೋಟಿಯಿಂದ ಕಾಪಾಡುವುದಿಲ್ಲ. ಅದು ಕಾಪಾಡಲು ನೋಡುವುದು ಟೌನ್ ಸೆಂಟರನ್ನು. ನಿಮ್ಮ ಅಂಗಡಿ ಟೌನ್ ಸೆಂಟರಿನಲ್ಲಿದ್ದರೆ, ಆ ಬೀದಿಗೆ ಆಗುವ ಪೆಟ್ಟಿನ ಭಾಗವಾಗಿ ನಿಮ್ಮ ನಷ್ಟ ಲೆಕ್ಕಕ್ಕೆ ಬರುತ್ತದೆ. ಅದೂ ಊರಾಚೆಯೇ ಇದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ರಾಷ್ಟ್ರೀಯ ಪ್ಲಾನಿಂಗ್ ನೀತಿಯಲ್ಲಿ ಎರಡು ಪರೀಕ್ಷೆಗಳಿವೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ನಿಯಮಗಳು ಬೇರೆ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಮಾತು.

ಮೊದಲನೆಯದು ಸೀಕ್ವೆನ್ಷಿಯಲ್ ಟೆಸ್ಟ್. ಅಂಗಡಿ, ರೆಸ್ಟೋರೆಂಟ್, ಸಿನಿಮಾ, ತಂಗುವ ಹೋಟೆಲ್ ಇವೆಲ್ಲ ಟೌನ್ ಸೆಂಟರಿಗೆ ಸೇರಿದ ಕಟ್ಟಡಗಳು ಅಂತ ನೀತಿ ಹೇಳುತ್ತದೆ. ಕಟ್ಟಲು ಅರ್ಜಿ ಹಾಕುವವರು ಮೊದಲು ಸೆಂಟರಿನ ಒಳಗೆ ಜಾಗ ಹುಡುಕಬೇಕು. ಅಲ್ಲಿಲ್ಲದಿದ್ದರೆ ಅಂಚಿನಲ್ಲಿ, ಅಂದರೆ ಅಂಗಡಿಯಾದರೆ ಮುಖ್ಯ ಶಾಪಿಂಗ್ ಪ್ರದೇಶದಿಂದ 300 ಮೀಟರ್ ಒಳಗೆ. ಅಲ್ಲೂ ಸಿಗದಿದ್ದರೆ ಮಾತ್ರ ಊರಾಚೆ. "ಆ ಜಾಗ ನಮ್ಮದೇ, ಅದಕ್ಕೇ ಅಲ್ಲಿ ಕಟ್ಟುತ್ತೇವೆ" ಅನ್ನುವುದು ಕಾರಣವಾಗುವುದಿಲ್ಲ. ಹಾಗಂತ ಸೆಂಟರಿನಲ್ಲಿ ಖಾಲಿ ಇರುವ ಯಾವುದೋ ಪುಟ್ಟ ಮಳಿಗೆ ತೋರಿಸಿದರೂ ಸಾಲದು. ಡಂಡೀಯಲ್ಲಿ ಆಸ್ಡಾ ಅಂಗಡಿಗೆ ಸಿಕ್ಕ ಅನುಮತಿಯನ್ನು ಟೆಸ್ಕೋ ಪ್ರಶ್ನಿಸಿದಾಗ, ಜಾಗ ಸರಿಹೊಂದಬೇಕಾದದ್ದು ಅರ್ಜಿದಾರರು ಕಟ್ಟಲು ಹೊರಟ ಕಟ್ಟಡಕ್ಕೆ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಟೆಸ್ಕೋ ಸೋತಿತು. ಅದು ಸ್ಕಾಟ್ಲೆಂಡಿನ ಮೊಕದ್ದಮೆಯಾದರೂ ಇಂಗ್ಲೆಂಡಿನ ವಾದಗಳಲ್ಲಿ ಇಂದಿಗೂ ಬರುತ್ತದೆ. ಅರ್ಜಿದಾರರು ಕಟ್ಟಡದ ಅಳತೆ, ವಿನ್ಯಾಸದಲ್ಲಿ ಸ್ವಲ್ಪ ಬಗ್ಗಬೇಕು ಅನ್ನುವುದೂ ನೀತಿಯಲ್ಲೇ ಇದೆ. ನಿಮ್ಮ ವಾದ ಹಿಡಿಯಬೇಕಾದದ್ದು ಅಲ್ಲಿ.

ಎರಡನೆಯದು ಇಂಪ್ಯಾಕ್ಟ್ ಟೆಸ್ಟ್, ಅಂದರೆ ಟೌನ್ ಸೆಂಟರಿಗೆ ಎಷ್ಟು ಪೆಟ್ಟಾಗುತ್ತದೆ ಅನ್ನುವ ಲೆಕ್ಕ. ಸೆಂಟರಿನ ಹೊರಗೆ, ಕೌನ್ಸಿಲಿನ ಸ್ಥಳೀಯ ಯೋಜನೆಗೆ (ಲೋಕಲ್ ಪ್ಲಾನ್) ಹೊಂದದ ಅಂಗಡಿ ಅಥವಾ ಸಿನಿಮಾದಂಥ ಲೀಷರ್ ಕಟ್ಟಡದ ಒಟ್ಟು ನೆಲದ ಅಳತೆ 2,500 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅರ್ಜಿದಾರರು ಈ ಲೆಕ್ಕದ ವರದಿ ಕೊಡಲೇಬೇಕು. ಎಷ್ಟೋ ಕೌನ್ಸಿಲ್‌ಗಳು ಇದಕ್ಕಿಂತ ಕಡಿಮೆ ಮಿತಿ ಇಟ್ಟುಕೊಂಡಿವೆ. ನಿಮ್ಮೂರಿನ ಲೋಕಲ್ ಪ್ಲಾನ್ ತೆಗೆದು ಮೊದಲು ಅದನ್ನು ನೋಡಿ.

ವರದಿ ದಪ್ಪ ಇರುತ್ತದೆ, ಆದರೆ ಒಳಗಿನ ಲೆಕ್ಕ ಸರಳ. ಅರ್ಥವಾಗಲಿ ಅಂತ ನಾನೇ ಅಂಕಿ ಹಾಕುತ್ತೇನೆ. ಹೊಸ ಅಂಗಡಿಯ ಮಾರಾಟದ ಜಾಗ 1,500 ಚದರ ಮೀಟರ್, ಚದರ ಮೀಟರಿಗೆ ವರ್ಷದ ವ್ಯಾಪಾರ 12,000 ಪೌಂಡ್ ಅಂದುಕೊಳ್ಳಿ. ಒಟ್ಟು 1.8 ಕೋಟಿ ಪೌಂಡ್. ಈ ದುಡ್ಡು ಹೊಸದಾಗಿ ಹುಟ್ಟುವುದಿಲ್ಲ, ಜಾಸ್ತಿ ಪಾಲು ಬೇರೆ ಅಂಗಡಿಗಳಿಂದಲೇ ಬರಬೇಕು. ಐದರಲ್ಲಿ ಒಂದು ಪಾಲು ಟೌನ್ ಸೆಂಟರಿನಿಂದ ಬಂದರೆ 36 ಲಕ್ಷ ಪೌಂಡ್. ಸೆಂಟರಿನ ದಿನಸಿ ವ್ಯಾಪಾರ 3 ಕೋಟಿ ಪೌಂಡ್ ಇದ್ದರೆ ಪೆಟ್ಟು ಶೇ. 12.

ಶೇ. 12 ಜಾಸ್ತಿಯೋ ಕಡಿಮೆಯೋ? ನೀತಿಯಲ್ಲಿ ಇಂತಿಷ್ಟು ಅಂತ ಗೆರೆ ಇಲ್ಲ. ತುಂಬಿ ತುಳುಕುವ ಸೆಂಟರ್ ಅದನ್ನು ತಾಳಿಕೊಳ್ಳಬಹುದು. ಆಗಲೇ ಸಾಲಾಗಿ ಶಟರ್ ಎಳೆದಿರುವ ಬೀದಿಗೆ ಅದರ ಅರ್ಧವೂ ಭಾರವೇ. ಪರಿಣಾಮ "ಗಣನೀಯವಾಗಿ ಕೆಟ್ಟದು" ಅನ್ನಿಸಿದರೆ ಅರ್ಜಿ ತಿರಸ್ಕರಿಸಬೇಕು ಅಂತ ನೀತಿ ಹೇಳುತ್ತದೆ. ಸೆಂಟರಿನಲ್ಲಿ ಯೋಜಿಸಿರುವ ಹೂಡಿಕೆಗೆ ತೊಂದರೆಯಾಗುತ್ತದೆಯೇ ಅನ್ನುವುದನ್ನೂ ನೋಡಬೇಕು.

ನನಗೆ ಈ ವರದಿಗಳಲ್ಲಿ ಜಾಸ್ತಿ ಅನುಮಾನ ಬರುವುದು ಆ ಐದರಲ್ಲೊಂದು ಪಾಲಿನ ಮೇಲೆ. ದೊಡ್ಡ ಅಂಗಡಿ ದೊಡ್ಡ ಅಂಗಡಿಯಿಂದಲೇ ಗಿರಾಕಿ ಸೆಳೆಯುತ್ತದೆ ಅನ್ನುವುದು ವರದಿ ಬರೆಯುವವರ ಊಹೆ. ಅದು ಬಹುಪಾಲು ಸರಿ. ಆದರೆ ಆಧಾರವಾಗಿರುವ ಮನೆಮನೆ ಸರ್ವೆಯಲ್ಲಿ ವಾರದ ದೊಡ್ಡ ಖರೀದಿ ಎಲ್ಲಿ, ನಡುವೆ ಚಿಲ್ಲರೆ ಖರೀದಿ ಎಲ್ಲಿ ಅಂತ ಕೇಳುತ್ತಾರೆ. ಸೋನಾ ಮಸೂರಿ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿಗೆ ಬರುವ ಗಿರಾಕಿ ಅಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಸರ್ವೆ ಯಾವ ವರ್ಷದ್ದು, ಎಷ್ಟು ಮನೆ ಕೇಳಿದ್ದಾರೆ, ನಿಮ್ಮ ಅಂಗಡಿಯ ಹೆಸರು ಪಟ್ಟಿಯಲ್ಲಿದೆಯೇ ಅಂತ ನೋಡಿ ಬರೆಯಿರಿ. ನಿಮ್ಮ ಬೀದಿಯ ಖಾಲಿ ಮಳಿಗೆಗಳನ್ನು ಎಣಿಸಿ ಫೋಟೋ ಸಮೇತ ಕಳಿಸಿ. ಅಧಿಕಾರಿಗೆ ಉಪಯೋಗಕ್ಕೆ ಬರುವುದು ಇಂಥದ್ದು.

ಹೋಟೆಲಿನ ಕಥೆ ಸ್ವಲ್ಪ ಬೇರೆ. ಹೆದ್ದಾರಿ ಪಕ್ಕದ ಹೊಸ ಹೋಟೆಲಿಗೂ ಸೀಕ್ವೆನ್ಷಿಯಲ್ ಟೆಸ್ಟ್ ಇದೆ. ಆದರೆ ನೀತಿಯ ಇಂಪ್ಯಾಕ್ಟ್ ಟೆಸ್ಟ್ ಹೆಸರಿಸುವುದು ಅಂಗಡಿ ಮತ್ತು ಲೀಷರನ್ನು ಮಾತ್ರ. ಹೋಟೆಲು ಪ್ರವಾಸೋದ್ಯಮದ ಪಟ್ಟಿಯಲ್ಲಿ ಬರುತ್ತದೆ. ಹಾಗಾಗಿ ಗೆಸ್ಟ್ ಹೌಸ್ ನಡೆಸುವವರು "ಕೋಣೆಗಳು ಖಾಲಿ ಬೀಳುತ್ತವೆ" ಅನ್ನುವುದಕ್ಕಿಂತ, ಟೌನ್ ಸೆಂಟರಿನಲ್ಲಿ ಹೊಂದುವ ಜಾಗ ಇದೆ ಅಂತ ತೋರಿಸುವುದು ಮೇಲು. ಲೋಕಲ್ ಪ್ಲಾನಿನಲ್ಲಿ ಪ್ರವಾಸಿ ವಸತಿಯ ಬಗ್ಗೆ ಪ್ರತ್ಯೇಕ ನಿಯಮ ಇದೆಯೇ ಅಂತಲೂ ಹುಡುಕಿ.

ಅನುಮತಿ ಸಿಗುವುದು ಖಚಿತ ಅನ್ನಿಸಿದರೆ ಷರತ್ತುಗಳನ್ನು ಕೇಳಿ. ಮಾರಾಟದ ಜಾಗಕ್ಕೆ ಮಿತಿ, ಮಾರಬಹುದಾದ ಸರಕಿಗೆ ಮಿತಿ, ಒಂದು ಕಟ್ಟಡವನ್ನು ಚಿಕ್ಕ ಮಳಿಗೆಗಳಾಗಿ ಒಡೆಯದಂತೆ ನಿರ್ಬಂಧ. 2020ರ ಸೆಪ್ಟೆಂಬರ್‌ನಿಂದ ಅಂಗಡಿ, ಕೆಫೆ, ಆಫೀಸು, ಜಿಮ್ ಎಲ್ಲ ಕ್ಲಾಸ್ ಇ ಅನ್ನುವ ಒಂದೇ ವರ್ಗಕ್ಕೆ ಸೇರಿವೆ. ಷರತ್ತಿಲ್ಲದಿದ್ದರೆ ಸೋಫಾ ಅಂಗಡಿ ಮುಂದೆ ಸುಮ್ನೆ ದಿನಸಿ ಅಂಗಡಿ ಆಗಿಬಿಡಬಹುದು. ಎರಡು ವರ್ಷ ಬಿಟ್ಟು ಅದೇ ಷರತ್ತು ಸಡಿಲಿಸಿ ಅಂತ ಸೆಕ್ಷನ್ 73ರ ಅರ್ಜಿ ಬರುವುದೂ ಉಂಟು. ಆ ಅರ್ಜಿಗಳು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತವೆ. ದಯವಿಟ್ಟು ಕೌನ್ಸಿಲ್ ವೆಬ್‌ಸೈಟಿನಲ್ಲಿ ನಿಮ್ಮ ಪ್ರದೇಶಕ್ಕೆ ಇಮೇಲ್ ಅಲರ್ಟ್ ಹಾಕಿಕೊಳ್ಳಿ.

ಅಭಿಪ್ರಾಯ ಬರೆಯಲು ಸಾಮಾನ್ಯವಾಗಿ 21 ದಿನ ಸಿಗುತ್ತದೆ. ನೀವು ಬರೆದದ್ದು ಎಲ್ಲರಿಗೂ ಕಾಣುತ್ತದೆ, ವ್ಯಾಪಾರದ ಗುಟ್ಟು ಹಾಕಬೇಡಿ. ಅರ್ಜಿ ಕಮಿಟಿಗೆ ಹೋದರೆ ಕೆಲವೇ ನಿಮಿಷ ಮಾತಾಡಲು ಅವಕಾಶ ಇರುತ್ತದೆ. ನಿಮ್ಮ ವಾರ್ಡ್ ಕೌನ್ಸಿಲರನ್ನು ಅದಕ್ಕೂ ಮುಂಚೆಯೇ ಕಾಣಿ. ತಿರಸ್ಕಾರವಾದರೆ ಅರ್ಜಿದಾರರು ಅಪೀಲು ಹೋಗಬಹುದು. ಅನುಮತಿ ಸಿಕ್ಕಿದರೆ ನಿಮಗೆ ಆ ಹಕ್ಕಿಲ್ಲ. ಉಳಿಯುವುದು ಆರು ವಾರದೊಳಗೆ ಹೈಕೋರ್ಟಿನಲ್ಲಿ ಜ್ಯುಡಿಷಿಯಲ್ ರಿವ್ಯೂ ಕೇಳುವುದು. ಅಲ್ಲಿ ಕಾನೂನಿನ ತಪ್ಪನ್ನಷ್ಟೇ ನೋಡುತ್ತಾರೆ, ಖರ್ಚೂ ದೊಡ್ಡದು.